ಗಸಗಸೆಯ ಗಿಡ, ಕೆಮ್ಮಿನ ಸೀಸೆ

ಹಬ್ಬದ ದಿನ ಗಸಗಸೆ ಪಾಯಸ ಉಂಡ ಮೇಲೆ ಮಧ್ಯಾಹ್ನ ಕಣ್ಣು ಎಳೆಯುವ ಅನುಭವ ನಮ್ಮಲ್ಲಿ ಅನೇಕರಿಗೆ ಉಂಟು. ಅದಕ್ಕೆ ಪಾಯಸ ಕಾರಣವೋ, ಅದರ ಹಿಂದೆ ಉಂಡ ಹೋಳಿಗೆ ಕಾರಣವೋ ಎಂಬ ಚರ್ಚೆ ಇಲ್ಲಿ ಬೇಡ. ಆದರೆ ಆ ಕಾಳನ್ನು ಕೊಡುವ ಗಿಡವೇ ಅಫೀಮಿನ ಗಿಡ ಎಂಬುದು ಮಾತ್ರ ನಿಜ. ಕಾಳಿನಲ್ಲಿ ಮಾದಕಾಂಶ ಇಲ್ಲವೆನ್ನುವಷ್ಟು ಕಡಿಮೆ. ಹಸಿಗಾಯಿಯ ಮೈಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅದೇ ಅಫೀಮು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಕೆಲವು ಭಾಗಗಳಲ್ಲಿ ಸರ್ಕಾರದ ಪರವಾನಗಿಯ ಮೇರೆಗೆ ಇದನ್ನು ಬೆಳೆಯುತ್ತಾರೆ.

ಈ ಹಾಲಿನಿಂದ ಆದ ಉಪಕಾರವೇನೂ ಸಣ್ಣದಲ್ಲ. 19ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಎಂಬ ಔಷಧಾಲಯದ ಸಹಾಯಕನು ಇದರಿಂದ ಮಾರ್ಫಿನನ್ನು ಬೇರ್ಪಡಿಸಿದನು. 1832ರಲ್ಲಿ ಫ್ರಾನ್ಸಿನ ರೋಬಿಕೆ ಕೋಡೀನನ್ನು ಕಂಡುಹಿಡಿದನು. ಕ್ಯಾನ್ಸರ್ ರೋಗಿಯ ಕಡುನೋವಿಗೆ ಇಂದಿಗೂ ಮಾರ್ಫಿನ್ ಬೇಕು. 1898ರಲ್ಲಿ ಬಾಯರ್ ಕಂಪನಿ ಮಾರಾಟಕ್ಕೆ ತಂದ ಹೆರಾಯಿನ್ ಕೂಡ ಮಾರ್ಫಿನಿನಿಂದ ತಯಾರಾದದ್ದೇ. ಅದನ್ನು ಮಾರಿದ್ದು ಕೆಮ್ಮಿನ ಔಷಧಿಯೆಂದು!

ಔಷಧಿ ವ್ಯಸನವಾಗುವುದು ಹೇಗೆ? ನೋವನ್ನು ತಣಿಸುವ ಕೆಲವು ವಸ್ತುಗಳನ್ನು ನಮ್ಮ ಮಿದುಳು ತಾನೇ ತಯಾರಿಸಿಕೊಳ್ಳುತ್ತದೆ. ಇವು 1975ರ ಸುಮಾರಿಗೆ ವಿಜ್ಞಾನಿಗಳಿಗೆ ಗೊತ್ತಾದವು. ಅಫೀಮಿನ ಸಾರವೂ ಅದೇ ಬೀಗಕ್ಕೆ ಹೊಂದುವ ಕಳ್ಳಕೀಲಿ. ದಿನವೂ ಈ ಕೀಲಿ ತಿರುಗುತ್ತಿದ್ದರೆ ದೇಹ ಅದಕ್ಕೆ ಒಗ್ಗಿಕೊಂಡು, ಹಿಂದಿನ ಪ್ರಮಾಣ ಸಾಲದೆ ಹೋಗುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಆಕಳಿಕೆ, ಮೂಗು ಸೋರುವುದು, ಮೈ ಜುಮ್ಮೆನ್ನುವುದು, ಹೊಟ್ಟೆನೋವು, ಭೇದಿ, ನಿದ್ದೆಯಿಲ್ಲದ ರಾತ್ರಿಗಳು. ಇವನ್ನು ಕಂಡು, "ಮನಸ್ಸು ಗಟ್ಟಿಯಿಲ್ಲ, ನಾಟಕ ಆಡುತ್ತಾನೆ" ಎನ್ನುವ ಹಿರಿಯರುಂಟು. ನಾಟಕದಿಂದ ಭೇದಿಯಾಗುವುದಿಲ್ಲ.

ಮನೆಯವರು ಮುಖ್ಯವಾಗಿ ತಿಳಿದಿರಬೇಕಾದ ಸಂಗತಿ ಬೇರೊಂದಿದೆ. ಚಿಕಿತ್ಸೆ ಮುಗಿಸಿ ಹುಡುಗ ಮನೆಗೆ ಬಂದ, ತಿಂಗಳಾಯಿತು, ಮುಟ್ಟಿಲ್ಲ, ಎಲ್ಲರಿಗೂ ನಿರಾಳ. ಅಪಾಯ ಹೆಚ್ಚುವುದು ಆಗಲೇ. ಬಿಟ್ಟ ಕೆಲವೇ ವಾರಗಳಲ್ಲಿ ದೇಹದ ಒಗ್ಗಿದ ಶಕ್ತಿ ಇಳಿದುಹೋಗಿರುತ್ತದೆ, ಆಸೆ ಮಾತ್ರ ಉಳಿದಿರುತ್ತದೆ. ಒಂದು ದಿನ ಮನಸ್ಸು ಜಾರಿ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರಾಟ ಕುಂದಿ ನಿಂತೇಹೋಗಬಹುದು. ಜೊತೆಗೆ ಮದ್ಯವೋ ನಿದ್ದೆಯ ಮಾತ್ರೆಯೋ ಸೇರಿದರೆ ಹೇಳುವುದೇ ಬೇಡ. ಆದ್ದರಿಂದ ಬಿಡಿಸಿದಷ್ಟಕ್ಕೆ ಚಿಕಿತ್ಸೆ ಮುಗಿಯಲಿಲ್ಲ. ಬ್ಯುಪ್ರಿನಾರ್ಫಿನ್‌ನಂತಹ ಔಷಧಿಯನ್ನು ವೈದ್ಯರು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಕೊಡುತ್ತಾರೆ. "ಒಂದು ಬಿಡಿಸಿ ಇನ್ನೊಂದು ಹತ್ತಿಸಿದರು" ಎಂದು ಗೊಣಗಿ ಮನೆಯವರು ಅದನ್ನು ನಡುವೆ ನಿಲ್ಲಿಸಬಾರದು.

ಹೆರಾಯಿನ್ ನಮ್ಮ ಬೀದಿಯ ಮಾತಲ್ಲವೆಂದು ಕೆಲವರಿಗೆ ತೋರಬಹುದು. ಒಮ್ಮೆ ಮನೆಯ ಔಷಧಿಗಳ ಗೂಡನ್ನು ತೆರೆದು ನೋಡಿ. ಹೋದ ಚಳಿಗಾಲದ ಕೆಮ್ಮಿನ ಸೀಸೆಯ ಚೀಟಿಯಲ್ಲಿ ಕೋಡೀನ್ ಎಂದಿದ್ದರೆ ಅದೂ ಇದೇ ವಂಶದ್ದು. ದೇಹದೊಳಗೆ ಅದರ ಒಂದು ಭಾಗ ಮಾರ್ಫಿನಾಗಿಯೇ ಮಾರ್ಪಡುತ್ತದೆ. ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ. ಹಳೆಯ ಸೀಸೆಯಿಂದ ಮಗುವಿಗೆ ಒಂದು ಚಮಚ ಕೊಡುವುದಂತೂ ಖಂಡಿತ ಕೂಡದು.

ಸಲಹೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸಾ ವಿಭಾಗವಿದೆ. 14446 ಸಂಖ್ಯೆಗೆ ದೂರವಾಣಿ ಮಾಡಿದರೆ ಹಣ ತಗಲುವುದಿಲ್ಲ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ತುಟಿ ನೀಲಿಗಟ್ಟಿ, ಗೊರಕೆಯಂತೆ ಉಸಿರೆಳೆಯುತ್ತಾ ಎಬ್ಬಿಸಿದರೂ ಏಳದಿದ್ದರೆ ಅದು ನಿದ್ದೆಯಲ್ಲ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಕೂಡಲೇ 108ಕ್ಕೆ ಕರೆಮಾಡಿ. ತೆಗೆದುಕೊಂಡದ್ದು ಏನೆಂದು ವೈದ್ಯರಿಗೆ ಮುಚ್ಚಿಡದೆ ಹೇಳಿ. ನಲಾಕ್ಸೋನ್ ಎಂಬ ಚುಚ್ಚುಮದ್ದು ಸಮಯಕ್ಕೆ ಬಿದ್ದರೆ ಕೆಲವೇ ನಿಮಿಷಗಳಲ್ಲಿ ಉಸಿರು ಮರಳುತ್ತದೆ.