ಬಿಳಿ ಬೂಟಿನ ಅಡಿ

ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ವಾರದ ಬಿಳಿ ಸಮವಸ್ತ್ರದ ದಿನ ತಾಯಂದಿರಿಗೂ ಒಂದು ಪರೀಕ್ಷೆಯೇ ಸರಿ. ಮುಂಬಯಿಯ ಮಳೆಗಾಲದಲ್ಲಂತೂ ಹೇಳತೀರದು. ಬೂಟಿನ ಬಟ್ಟೆ ಒಗೆದರೆ ಬೆಳ್ಳಗಾಗುತ್ತದೆ. ರಬ್ಬರಿನ ಅಡಿ ಮಾತ್ರ ಮಾಸಿಯೇ ಉಳಿಯುತ್ತದೆ. ಹೊಸ ಜೋಡಿಗೆ ಹಣ ತೆರುವ ಮುನ್ನ ಒಂದು ಸಂಗತಿಯನ್ನು ತಿಳಿಯುವುದು ಲೇಸು.

ರಬ್ಬರಿನ ಬಣ್ಣ ಕೆಡಲು ಎರಡು ಕಾರಣಗಳುಂಟು. ಮೇಲೆ ಕುಳಿತ ಕೊಳೆ ಒಂದು. ಬಿಸಿಲು ಗಾಳಿಗಳಿಂದ ರಬ್ಬರೇ ಹಳದಿಗಟ್ಟುವುದು ಇನ್ನೊಂದು. ಮೊದಲನೆಯದು ಉಜ್ಜಿದರೆ ಹೋದೀತು, ಎರಡನೆಯದು ಹೋಗದು.

ಕೊಳೆಗೆ ಅಡಿಗೆ ಸೋಡವೇ ಸಾಕು. ಒಣಗಿದ ಮಣ್ಣನ್ನು ಮೊದಲು ಕೊಡಹಿರಿ. ೨ ಚಮಚ ಸೋಡಕ್ಕೆ ೧ ಚಮಚ ನೀರು, ಪಾತ್ರೆ ತೊಳೆಯುವ ದ್ರವದ ನಾಲ್ಕು ಹನಿ ಬೆರೆಸಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿರಿ. ೧೦ ನಿಮಿಷದ ಬಳಿಕ ಒದ್ದೆ ಬಟ್ಟೆಯಿಂದ ಒರೆಸಿರಿ. ಉಕ್ಕಿನ ನಾರು ಬೇಡ. ಅದು ಮಾಡುವ ಗೀರುಗಳಲ್ಲಿ ಕೊಳೆ ಮತ್ತೆ ಸೇರುತ್ತದೆ. ಬ್ಲೀಚಿಂಗ್ ಪುಡಿಯೂ ಬೇಡ. ಅದು ರಬ್ಬರನ್ನು ಇನ್ನಷ್ಟು ಹಳದಿ ಮಾಡುತ್ತದೆ.

ಒಣಗಿಸುವುದು ಬಿಸಿಲಿನಲ್ಲಲ್ಲ, ನೆರಳಿನಲ್ಲಿ. ಒಳಗೆ ಬಿಳಿ ಕಾಗದ ತುರುಕಿದರೆ ತೇವ ಬೇಗ ಆರುತ್ತದೆ. ವೃತ್ತಪತ್ರಿಕೆಯಾದರೆ ಮಸಿ ಹತ್ತೀತು.

ಇಷ್ಟಾಗಿಯೂ ಹಳದಿ ಉಳಿದರೆ ಮಗುವನ್ನು ಗದರಬೇಡಿರಿ. ಅದು ಮಗುವಿನ ಅಲಕ್ಷ್ಯವಲ್ಲ, ರಬ್ಬರಿನ ವಯಸ್ಸು.