ಹಗುರ ತಂತಿ ಹಾಕಿದರೆ ಬೇಸ್ ಗಿಟಾರ್ ನೆಕ್ ಹಾಳಾಗುತ್ತದೆಯೇ? ಕೈನೋವು ಸಹಿಸಿಕೊಳ್ಳಲೇಬೇಕೇ?

‘ತೆಳು ತಂತಿ ಹಾಕಿದರೆ ಬೇಸ್ ಗಿಟಾರ್‌ನ ನೆಕ್ ಬಾಗಿ ಹಾಳಾಗುತ್ತದೆ. ನಿಜವಾದ ಬೇಸ್ ದನಿ ಬೇಕಾದರೆ ದಪ್ಪ, ಬಿಗಿ ಫ್ಲಾಟ್‌ವೌಂಡ್ ತಂತಿಯೇ ಬೇಕು. ಬೆರಳು ನೋವು ಬಂದರೆ ಬರಲಿ, ಅದೇ ಸಾಧನೆ. ಸಂಗೀತ ಪ್ರೇಮಿಗಳಿಗೆಲ್ಲ ಕಳುಹಿಸಿ.’

ಈ ಫಾರ್ವರ್ಡ್ ಜೊತೆಗೆ ಅರ್ಧ ನಿಮಿಷದ ಒಂದು ವಿಡಿಯೊ ಕೂಡ ಇದೆ. ಅದರಲ್ಲಿ ಒಂದೇ ಗಿಟಾರ್‌ಗೆ ಮೊದಲು ಮಾಮೂಲಿ ತಂತಿ, ಆಮೇಲೆ ಹಗುರವಾದ ಫ್ಲಾಟ್‌ವೌಂಡ್ ತಂತಿ ಹಾಕಿ ನುಡಿಸುತ್ತಾರೆ. ಎರಡನೆಯದು ಸತ್ತಂತೆ ಕೇಳಿಸುತ್ತದೆ. ಇದನ್ನು ನಮಗೆ ಕಳುಹಿಸಿದವರು ದಾವಣಗೆರೆ ಕಡೆಯ ಒಬ್ಬ ಓದುಗರು. ಮದುವೆ, ಗಣೇಶೋತ್ಸವಗಳ ರಸಮಂಜರಿ ಕಾರ್ಯಕ್ರಮಗಳಲ್ಲಿ ಬೇಸ್ ನುಡಿಸುತ್ತಾರೆ. ‘ಎಡಗೈ ಮಣಿಕಟ್ಟು ನೋಯ್ತಿದೆ ಸರ್. ಹಗುರ ತಂತಿ ಹಾಕೋಣ ಅಂದ್ಕೊಂಡಿದ್ದೆ. ನಮ್ಮ ತಂಡದ ಹಿರಿಯರು ಇದನ್ನ ಕಳಿಸಿ, ಸುಮ್ಮನೆ ಅಭ್ಯಾಸ ಮಾಡು ಅಂದ್ರು. ಇದು ನಿಜಾನಾ?’ ಎಂದು ಕೇಳಿದ್ದರು.

ಬೇಸ್ ಗಿಟಾರ್ ನುಡಿಸುವವರು ನಮ್ಮಲ್ಲಿ ಕಡಿಮೆಯೇ ಇರಬಹುದು. ಆದರೆ ನೋವನ್ನು ಸಾಧನೆ ಎಂದು ಕರೆಯುವ ಫಾರ್ವರ್ಡ್ ಯಾರ ಫೋನಿಗೂ ಬರಬಹುದು. ಹಾಗಾಗಿ ನಮ್ಮ ತಂಡದಲ್ಲೇ ಬೇಸ್ ನುಡಿಸುವ ಸಹೋದ್ಯೋಗಿಯೊಬ್ಬರ ಗಿಟಾರ್ ಪಡೆದು, ತಂತಿ ಬದಲಿಸಿಯೇ ನೋಡಿದೆವು. ಲೆಕ್ಕವನ್ನೂ ಹಾಕಿದೆವು.

ಫ್ಲಾಟ್‌ವೌಂಡ್ ಅಂದರೆ ಏನು?

ಮಂದ್ರ ಸ್ವರಕ್ಕೆ ಭಾರದ ತಂತಿ ಬೇಕು. ವೀಣೆಯಲ್ಲೂ ಹಾಗೇ, ಮಂದ್ರದ ತಂತಿ ಸಾರಣಿ ತಂತಿಗಿಂತ ದಪ್ಪ. ಆದರೆ ಒಂದೇ ಗಟ್ಟಿ ಉಕ್ಕಿನ ಸರಳನ್ನು ಅಷ್ಟು ದಪ್ಪ ಮಾಡಿದರೆ ಅದು ತಂತಿಯಂತೆ ಬಳುಕದೆ ಕಂಬಿಯಂತೆ ಸೆಟೆದು ನಿಲ್ಲುತ್ತದೆ. ಅದಕ್ಕೇ ಒಳಗೊಂದು ತೆಳು ಉಕ್ಕಿನ ತಂತಿ ಇಟ್ಟು, ಅದರ ಮೇಲೆ ಇನ್ನೊಂದು ತಂತಿಯನ್ನು ಸುತ್ತುತ್ತಾರೆ. ಸುತ್ತಿದ್ದು ಗುಂಡು ತಂತಿಯಾದರೆ ಅದು ರೌಂಡ್‌ವೌಂಡ್. ಉಗುರಿನಿಂದ ಉಜ್ಜಿದರೆ ಗರಗರ ಎನ್ನುತ್ತದೆ. ಹೊರಗಿನ ಸುತ್ತಿಗೆ ಚಪ್ಪಟೆ ಪಟ್ಟಿ ಬಳಸಿದರೆ ಅದು ಫ್ಲಾಟ್‌ವೌಂಡ್. ಮೈ ನುಣುಪು. ಬೆರಳು ಜಾರಿಸಿದರೂ ಸದ್ದಿಲ್ಲ, ಫ್ರೆಟ್ ಸವೆಯುವುದೂ ಕಡಿಮೆ.

1951ರಲ್ಲಿ ಅಮೆರಿಕದ ಫೆಂಡರ್ ಕಂಪನಿ ಪ್ರಿಸಿಷನ್ ಬೇಸ್ ತಂದಾಗ ಫ್ಲಾಟ್‌ವೌಂಡ್ ತಂತಿಯೇ ರೂಢಿಯಲ್ಲಿತ್ತು. 1960ರ ದಶಕದಲ್ಲಿ ಇಂಗ್ಲೆಂಡಿನ ರೋಟೋಸೌಂಡ್ ಕಂಪನಿ, ದ ಹೂ ತಂಡದ ಜಾನ್ ಎಂಟ್‌ವಿಸಲ್ ಜೊತೆ ಸೇರಿ ರೌಂಡ್‌ವೌಂಡ್ ಬೇಸ್ ತಂತಿಗಳನ್ನು ರೂಪಿಸಿತು. ಪಿಯಾನೊದಂತೆ ಝಣ್ ಎನ್ನುವ ಆ ದನಿ ರಾಕ್ ಸಂಗೀತಕ್ಕೆ ಹಿಡಿಸಿತು. ಈಗ ಅಂಗಡಿಯಲ್ಲಿ ಸುಮ್ಮನೆ ‘ಬೇಸ್ ಸ್ಟ್ರಿಂಗ್’ ಎಂದು ಕೇಳಿದರೆ ಕೊಡುವುದು ಸಾಮಾನ್ಯವಾಗಿ ಅದನ್ನೇ.

ದಪ್ಪಕ್ಕೂ ಬಿಗಿತಕ್ಕೂ ಇರುವ ನಂಟು

ಫಾರ್ವರ್ಡ್ ಎಡವಿರುವುದು ಮೊದಲು ಇಲ್ಲೇ. ತೆಳು ಎಂದರೆ ಸಡಿಲ, ದಪ್ಪ ಎಂದರೆ ಬಿಗಿ ಎಂದು ಅದು ಹೇಳುತ್ತದೆ. ಇದು ಪೂರ್ತಿ ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ತಂತಿಯ ಎಳೆತ ನಿರ್ಧಾರವಾಗುವುದು ಮೂರು ವಿಷಯಗಳಿಂದ: ಒಂದು ಮೀಟರ್ ತಂತಿಯ ತೂಕ, ಕಂಪಿಸುವ ಭಾಗದ ಉದ್ದ ಮತ್ತು ನೀವು ಸೇರಿಸುವ ಶ್ರುತಿ. ಫ್ರಾನ್ಸ್‌ನ ಮರೆನ್ ಮೆರ್ಸೆನ್ ಈ ನಿಯಮಗಳನ್ನು 1636ರಲ್ಲೇ ಪ್ರಕಟಿಸಿದ್ದರು. ಇದರಲ್ಲಿ ದಪ್ಪ ನೇರವಾಗಿ ಬರುವುದೇ ಇಲ್ಲ, ತೂಕ ಬರುತ್ತದೆ. ಒಳಗಿನ ಉಕ್ಕು ಎಷ್ಟು ದಪ್ಪ, ಎಷ್ಟು ಪದರ ಸುತ್ತಿದ್ದಾರೆ, ಯಾವ ಲೋಹದಿಂದ ಸುತ್ತಿದ್ದಾರೆ ಎಂಬುದರ ಮೇಲೆ ಒಂದೇ ದಪ್ಪದ ಎರಡು ತಂತಿಗಳ ತೂಕ ಬೇರೆಯಾಗುತ್ತದೆ.

ನಾವು ಹಾಕಿದ್ದು ವಿಯೆನ್ನಾದ ಥೊಮಾಸ್ಟಿಕ್-ಇನ್‌ಫೆಲ್ಡ್ ಕಂಪನಿಯ ಜಾಝ್ ಫ್ಲಾಟ್ಸ್. ಕಡಿಮೆ ಎಳೆತಕ್ಕೆ ಹೆಸರಾದ ಸೆಟ್. ಇದರ ಅತಿ ದಪ್ಪನೆಯ ‘ಇ’ ತಂತಿ 0.100 ಇಂಚು. ಬೇರೆ ಕಂಪನಿಗಳ ಎಷ್ಟೋ ಮಾಮೂಲಿ ಸೆಟ್‌ಗಳಲ್ಲೂ ಅಷ್ಟೇ ದಪ್ಪದ ತಂತಿ ಇರುತ್ತದೆ. ಆದರೂ ಇದು ಬೆರಳಿಗೆ ಮೆತ್ತಗೆ. ಪ್ಯಾಕೆಟ್ ಮೇಲಿನ ದಪ್ಪದ ಅಂಕಿ ಮಾತ್ರ ನೋಡಿ ಹಗುರವೋ ಬಿಗಿಯೋ ಎಂದು ಹೇಳಲಾಗದು. ಹಲವು ಕಂಪನಿಗಳು ಎಳೆತದ ಅಂಕಿಯನ್ನೂ ಕೊಡುತ್ತವೆ. ನೋಡಬೇಕಾದ್ದು ಅದನ್ನು.

ಇನ್ನೊಂದು ವಿಷಯ. ಎಳೆತ ಕಡಿಮೆ ಮಾಡಲು ತಂತಿಯನ್ನೇ ಬದಲಿಸಬೇಕೆಂದೂ ಇಲ್ಲ. ಇರುವ ತಂತಿಯನ್ನೇ ಅರ್ಧ ಸ್ವರ ಇಳಿಸಿದರೆ ಎಳೆತ ಸುಮಾರು ಶೇ 11ರಷ್ಟು ಇಳಿಯುತ್ತದೆ. ಸಾಮಾನ್ಯ ಬೇಸ್‌ನಲ್ಲಿ ಕಂಪಿಸುವ ಉದ್ದ 34 ಇಂಚು. ಅದೇ ತಂತಿಯನ್ನು 30 ಇಂಚಿನ ಪುಟ್ಟ ಬೇಸ್‌ಗೆ ಹಾಕಿ ಅದೇ ಶ್ರುತಿಗೆ ಸೇರಿಸಿದರೆ ಸುಮಾರು ಶೇ 22ರಷ್ಟು ಕಡಿಮೆ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ, ಪಿಟೀಲಿನ ಆಕಾರದ ಹಾಫ್ನರ್ ಇಂಥ ಪುಟ್ಟ ಬೇಸ್. ಬಿಗಿ ತಂತಿಯಿಲ್ಲದೆ ‘ನಿಜವಾದ ಬೇಸ್ ದನಿ’ ಬರುವುದಿಲ್ಲ ಎನ್ನುವವರು ಇದನ್ನು ಮರೆತಂತಿದೆ.

ಅವರು ಉದಾಹರಣೆ ಕೊಡುವುದು ಜೇಮ್ಸ್ ಜೇಮರ್ಸನ್‌ರದ್ದು. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೊದಲ್ಲಿ ನುಡಿಸುತ್ತಿದ್ದ ಈ ಮಹಾನ್ ಕಲಾವಿದರು ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲಾಟ್‌ವೌಂಡ್ ಬಳಸುತ್ತಿದ್ದರು. ಅದು ನಿಜ. ಆದರೆ ಅವರು ಹೆಚ್ಚಾಗಿ ಒಂದೇ ತೋರುಬೆರಳಿನಿಂದ ಮೀಟುತ್ತಿದ್ದರು, ತಂತಿ ಹಳತಾದರೂ ಬದಲಿಸುವವರಲ್ಲ, ಜೊತೆಗೆ ತಂತಿಯ ಕಂಪನ ತಡೆಯುವ ಸ್ಪಂಜೂ ಇತ್ತು. ಇದನ್ನೆಲ್ಲ ಬಿಟ್ಟು ತಂತಿಯ ದಪ್ಪವನ್ನಷ್ಟೇ ಎತ್ತಿಕೊಂಡರೆ ಜೇಮರ್ಸನ್ ದನಿ ಸಿಗದು. ಸಿಗುವುದು ಬೆರಳು ನೋವು.

ನೆಕ್ ಬಾಗುತ್ತದೆಯೇ?

ಬೇಸ್‌ನ ನಾಲ್ಕು ತಂತಿಗಳ ಒಟ್ಟು ಎಳೆತ ಸಾಮಾನ್ಯವಾಗಿ 70ರಿಂದ 80 ಕಿಲೋ. ಒಬ್ಬ ದೊಡ್ಡ ಮನುಷ್ಯ ನೇತಾಡಿದಷ್ಟು. ಈ ಎಳೆತಕ್ಕೆ ನೆಕ್ ಮುಂದಕ್ಕೆ ಬಾಗದಿರಲಿ ಎಂದು ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ. ಈಗ ಯೋಚಿಸಿ: ಹಗುರ ತಂತಿ ಹಾಕಿದರೆ ಎಳೆತ ಕಡಿಮೆಯಾಗುತ್ತದೆ. ಮುಂದಕ್ಕೆ ಬಾಗುವುದೂ ಕಡಿಮೆಯಾಗಬೇಕಲ್ಲವೇ? ಆಗಿದ್ದೂ ಅದೇ. ಸಂಜೆ ತಂತಿ ಹಾಕಿದೆವು, ಬೆಳಗ್ಗೆ ನೋಡಿದರೆ ನೆಕ್ ಮೊದಲಿಗಿಂತ ನೇರವಾಗಿತ್ತು. ಅತಿ ನೇರವಾಗಿತ್ತು ಎನ್ನಬೇಕು. ಮೊದಲ ಮೂರ್ನಾಲ್ಕು ಫ್ರೆಟ್‌ಗಳಲ್ಲಿ ತಂತಿ ತಾಗಿ ಝೇಂಕರಿಸುತ್ತಿತ್ತು. ಟ್ರಸ್ ರಾಡನ್ನು ಕಾಲು ಸುತ್ತಿಗಿಂತ ಕಡಿಮೆ ಸಡಿಲಿಸಿ, ಒಂದು ದಿನ ಬಿಟ್ಟ ಮೇಲೆ ಸರಿಹೋಯಿತು.

ಯಾರೋ ಈ ಝೇಂಕಾರ ಕೇಳಿ ‘ನೆಕ್ ಹಾಳಾಯಿತು’ ಎಂದುಕೊಂಡಿರಬೇಕು. ಅದು ಹಾಳಲ್ಲ, ಹೊಂದಾಣಿಕೆ ಬೇಕೆಂಬ ಸೂಚನೆ. ಟ್ರಸ್ ರಾಡ್ ತಿರುಗಿಸಿ ಅಭ್ಯಾಸವಿಲ್ಲದವರು ರಿಪೇರಿಯವರ ಬಳಿ ಹೋಗಿ. ಬಲವಂತವಾಗಿ ತಿರುಗಿಸಿ ಅದನ್ನು ಮುರಿದರೆ ಮಾತ್ರ ನೆಕ್ ನಿಜವಾಗಿಯೂ ಹಾಳು. ಹಾಗೆಯೇ ಫ್ಲಾಟ್‌ವೌಂಡ್ ತಂತಿಯ ಉದ್ದ ಕತ್ತರಿಸುವ ಮೊದಲು, ಕೀಲಿಗೆ ಸುತ್ತುವ ಜಾಗದಲ್ಲಿ ಅದನ್ನು ಚೂಪಾಗಿ ಮಡಚಿ. ಇಲ್ಲದಿದ್ದರೆ ಹೊರಗಿನ ಪಟ್ಟಿ ಬಿಚ್ಚಿಕೊಳ್ಳಬಹುದು. ಕೆಲವು ಸಾವಿರ ರೂಪಾಯಿಯ ತಂತಿ ಒಂದು ಕತ್ತರಿಗೆ ಹೋಗುತ್ತದೆ.

ಹಾಗಾದರೆ ಬೆರಳಿಗೆ ಎಷ್ಟು ಆರಾಮ?

ಇಲ್ಲಿ ನಮಗೂ ಅಚ್ಚರಿಯಾಯಿತು. ‘ಇ’ ತಂತಿಯ ಎಳೆತ 18 ಕಿಲೋ ಇದೆ, 12ನೇ ಫ್ರೆಟ್‌ನಲ್ಲಿ ತಂತಿ 2.5 ಮಿಲಿಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಅದನ್ನು ಅಲ್ಲಿ ಫ್ರೆಟ್‌ಗೆ ತಾಗಿಸಲು ಕನಿಷ್ಠ ಸುಮಾರು 210 ಗ್ರಾಂ ಒತ್ತಡ ಬೇಕು. ಶೇ 20ರಷ್ಟು ಹಗುರ ತಂತಿ ಹಾಕಿದರೆ ಇದು 170 ಗ್ರಾಂ ಹತ್ತಿರಕ್ಕೆ ಇಳಿಯುತ್ತದೆ. ಒಳ್ಳೆಯದೇ. ಆದರೆ ಹಳೆಯ ತಂತಿಯನ್ನೇ ಇಟ್ಟುಕೊಂಡು ಎತ್ತರವನ್ನು 2.5ರಿಂದ 2 ಮಿಲಿಮೀಟರ್‌ಗೆ ಇಳಿಸಿದರೂ ಬರುವುದು ಅದೇ 170 ಗ್ರಾಂ! ಬ್ರಿಜ್‌ನ ಪುಟ್ಟ ಸ್ಕ್ರೂ ತಿರುಗಿಸಿದರೆ ಸಾಕು, ಖರ್ಚಿಲ್ಲ.

ಮೊದಲ ಫ್ರೆಟ್‌ನ ಕಥೆ ಇನ್ನೂ ಸೂಕ್ಷ್ಮ. ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ, ಕಚ್ಚುಗಳಿರುವ ಪಟ್ಟಿಗೆ ನಟ್ ಎನ್ನುತ್ತಾರೆ. ಅದರ ಪಕ್ಕದಲ್ಲೇ ಒತ್ತುವುದರಿಂದ ಅಲ್ಲಿ ಕೇವಲ 0.1 ಮಿಲಿಮೀಟರ್ ಎತ್ತರ ಹೆಚ್ಚಿದ್ದರೂ ಸುಮಾರು 40 ಗ್ರಾಂ ಒತ್ತಡ ಹೆಚ್ಚು ಬೇಕು. ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ಈ ಕಚ್ಚುಗಳನ್ನು ಆಳವಾಗಿ ಕೊರೆಯದೆ ಬಿಟ್ಟಿರುವುದು ಅಪರೂಪವಲ್ಲ. ನುಡಿಸುವವರು ವರ್ಷಗಟ್ಟಲೆ ತಮ್ಮ ಬೆರಳನ್ನೇ ಬೈದುಕೊಳ್ಳುತ್ತಾರೆ.

ಹಗುರ ತಂತಿಗೆ ಇನ್ನೊಂದು ಗುಣವಿದೆ, ಅದನ್ನು ಹೊಗಳುವವರು ಹೇಳುವುದು ಕಡಿಮೆ. ಅಷ್ಟೇ ಬಲದಿಂದ ಮೀಟಿದರೂ ಅದು ಹೆಚ್ಚು ಅಗಲಕ್ಕೆ ಕುಣಿಯುತ್ತದೆ. ನಮ್ಮ ಸಹೋದ್ಯೋಗಿ ಸ್ವಲ್ಪ ಜೋರಾಗಿ ಮೀಟುವವರು. ಫ್ರೆಟ್‌ಗೆ ತಾಗುತ್ತದೆ ಎಂದು ತಂತಿಯನ್ನು ಎತ್ತರಿಸಬೇಕಾಯಿತು, ಅಲ್ಲಿಗೆ ಸಿಕ್ಕ ಆರಾಮದಲ್ಲಿ ಅರ್ಧ ಹೋಯಿತು. ವಾರದ ನಂತರ ಅವರು ಆಂಪ್ಲಿಫೈಯರ್ ದನಿ ಹೆಚ್ಚಿಸಿಕೊಂಡು ಮೆಲ್ಲಗೆ ಮೀಟುವುದನ್ನು ರೂಢಿಸಿಕೊಂಡರು. ಆಗಲೇ ಎತ್ತರವನ್ನು ಮತ್ತೆ ಇಳಿಸಲು ಆಗಿದ್ದು. ‘ಬಲಗೈ ಬದಲಾದ ಮೇಲೆಯೇ ಎಡಗೈ ಹಗುರ ಆಯ್ತು’ ಎಂದರು.

ಆ ವಿಡಿಯೊದಲ್ಲಿ ದನಿ ಸತ್ತಂತಿತ್ತಲ್ಲ?

ಅದನ್ನು ನೀವು ಕೇಳಿದ್ದು ಫೋನ್ ಸ್ಪೀಕರ್‌ನಲ್ಲಿ ತಾನೇ? ಬೇಸ್‌ನ ‘ಇ’ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಅತಿ ತೆಳುವಾದ ‘ಜಿ’ ತಂತಿ 98 ಸಲ. ಬೆರಳುಗುರಿನಷ್ಟಿರುವ ಫೋನ್ ಸ್ಪೀಕರ್ ಇಷ್ಟು ಮಂದ್ರ ದನಿಯನ್ನು ಕೇಳುವಷ್ಟು ಜೋರಾಗಿ ಹೊರಡಿಸಲಾರದು. ನಮಗೆ ಕೇಳುವುದು ಅದರ ಮೇಲಿನ ಅನುಸ್ವರಗಳು, ಕೆಳಗಿನ ಸ್ವರವನ್ನು ಮಿದುಳು ಊಹಿಸಿಕೊಳ್ಳುತ್ತದೆ. ರೌಂಡ್‌ವೌಂಡ್‌ನಲ್ಲಿ ಅನುಸ್ವರಗಳು ಧಾರಾಳ, ಫ್ಲಾಟ್‌ವೌಂಡ್‌ನಲ್ಲಿ ಕಡಿಮೆ. ಅಂದರೆ ಫ್ಲಾಟ್‌ವೌಂಡ್‌ನ ದನಿ ಇರುವ ಜಾಗವನ್ನೇ ನಿಮ್ಮ ಫೋನ್ ಕತ್ತರಿಸಿ ಹಾಕಿದೆ. ಅದೇ ವಿಡಿಯೊವನ್ನು ಒಳ್ಳೆಯ ಹೆಡ್‌ಫೋನ್‌ನಲ್ಲಿ ಕೇಳಿದಾಗ ನಮಗೆ ಎರಡೂ ಸರಿಯಾಗಿಯೇ ಕೇಳಿಸಿದವು. ಒಂದು ಹೊಳಪು, ಇನ್ನೊಂದು ಗುಂಡನೆಯದು. ಯಾವುದು ಇಷ್ಟ ಎಂಬುದು ರುಚಿಯ ಮಾತು. (ಹಳೆಯ ತಂತಿ ಕುದಿಸಿದರೆ ಹೊಸದಾಗುತ್ತದೆ ಎಂಬ ಇನ್ನೊಂದು ಫಾರ್ವರ್ಡ್ ಇದೆ. ಫ್ಲಾಟ್‌ವೌಂಡ್ ಇಷ್ಟಪಡುವವರಿಗೆ ಹಳತಾದ ದನಿಯೇ ಬೇಕು, ಕುದಿಸಿ ಏನು ಮಾಡುವುದು?)

ನೋವಿನ ಮಾತು

ಬೆರಳ ತುದಿಯ ಚರ್ಮ ಮೊದಮೊದಲು ಉರಿದು ಆಮೇಲೆ ಗಟ್ಟಿಯಾಗುವುದು ಸಹಜ. ಮಣಿಕಟ್ಟಿನ ನೋವು ಅದಲ್ಲ. ಮಣಿಕಟ್ಟನ್ನು ತೀರಾ ಮಡಚಿ ಹಿಡಿಯುವುದು, ಸ್ಟ್ರಾಪ್ ಉದ್ದ ಬಿಟ್ಟು ಗಿಟಾರನ್ನು ತೊಡೆಯವರೆಗೆ ಇಳಿಸುವುದು, ಬಿಡುವಿಲ್ಲದೆ ಗಂಟೆಗಟ್ಟಲೆ ನುಡಿಸುವುದು, ಬೇಕಾದ್ದಕ್ಕಿಂತ ಜೋರಾಗಿ ಒತ್ತುವುದು, ಇವೆಲ್ಲ ಕಾರಣವಾಗಬಹುದು. ಇವು ಹಾಗೇ ಇದ್ದರೆ ಎಷ್ಟು ಹಗುರ ತಂತಿ ಹಾಕಿದರೂ ಪ್ರಯೋಜನ ಅಷ್ಟಕ್ಕಷ್ಟೇ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿಯುವುದು, ರಾತ್ರಿ ಅದರಿಂದ ಎಚ್ಚರವಾಗುವುದು, ಹಿಡಿದ ಲೋಟ ಜಾರುವುದು ಮಣಿಕಟ್ಟಿನಲ್ಲಿ ನರ ಒತ್ತಿಹೋಗಿರುವುದರ ಲಕ್ಷಣ ಇರಬಹುದು. ಕಿರುಬೆರಳಿನ ಕಡೆ ಜೋಮಿದ್ದರೆ ಅದು ಬೇರೆ ನರ. ಎರಡಕ್ಕೂ ಹೋಗಬೇಕಾದ್ದು ವೈದ್ಯರ ಬಳಿ, ತಂತಿಯ ಅಂಗಡಿಗಲ್ಲ. ಇಂಥ ನೋವನ್ನು ಸಹಿಸುತ್ತ ಅಭ್ಯಾಸ ಮಾಡಿದರೆ ನರಕ್ಕೆ ಆಗುವ ಹಾನಿ ಉಳಿದುಬಿಡಬಹುದು. ಫಾರ್ವರ್ಡ್‌ನ ‘ಅದೇ ಸಾಧನೆ’ ಎಂಬ ಮಾತು ಅಪಾಯಕಾರಿ ಎಂದು ನಾವು ಹೇಳುವುದು ಇದಕ್ಕೇ.

ದಾವಣಗೆರೆಯ ಓದುಗರಿಗೆ ಇದನ್ನೆಲ್ಲ ಬರೆದು, ಜೋಮು ಇದೆಯಾ ಎಂದು ಕೇಳಿದೆವು. ‘ರಾತ್ರಿ ಹೊತ್ತು ಇದೆ’ ಎಂದರು. ಮೊದಲು ಡಾಕ್ಟರ್ ಹತ್ತಿರ ಹೋಗಿ, ಆಮೇಲೆ ಗಿಟಾರ್ ಎಂದೆವು. ಮೂರು ವಾರದ ನಂತರ ಅವರ ವಾಯ್ಸ್ ಮೆಸೇಜ್ ಬಂತು. ವೈದ್ಯರು ಕೆಲವು ವಾರ ವಿಶ್ರಾಂತಿ ಹೇಳಿದ್ದಾರೆ, ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದಾರೆ. ಆ ಬಿಡುವಿನಲ್ಲಿ ಗಿಟಾರನ್ನು ರಿಪೇರಿಗೆ ಕೊಟ್ಟು ನಟ್‌ನ ಕಚ್ಚುಗಳನ್ನು ಉಜ್ಜಿಸಿದ್ದಾರಂತೆ. ‘ಇಷ್ಟು ವರ್ಷ ಬೇರೆ ಗಿಟಾರ್ ನುಡಿಸ್ತಿದ್ದೆ ಅನ್ನಿಸ್ತಿದೆ ಸರ್’ ಎಂದರು. ಹಗುರ ತಂತಿಯನ್ನು ಗಣೇಶನ ಹಬ್ಬದ ಕಾರ್ಯಕ್ರಮಗಳು ಮುಗಿದ ಮೇಲೆ ನೋಡುತ್ತಾರಂತೆ.