ಹೆಸರು ಹೇಳುವ ಹೊತ್ತಿಗೆ ಎದೆ ಢವಢವ: ಮದುವೆ ಮುಂದಿನ ಅಂಜಿಕೆಗೆ ಮನೆಯ ಮದ್ದು



ಬಸವ ಜಯಂತಿ, ಅಕ್ಷಯ ತೃತೀಯ ಎರಡೂ ಒಂದೇ ದಿನ ಬರುತ್ತವೆ. ಆ ಹೊತ್ತಿಗೆ ಕುಣಿಕೋಣೂರಿನಂಥ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಮದುವೆ ಹಂದರಗಳು ಏಳುತ್ತವೆ. ಅರಿಷಿಣ, ಸುರಗಿ, ಅಕ್ಕಿಕಾಳು ಎಲ್ಲ ಮುಗಿಯುತ್ತದೆ. ಕೊನೆಗೆ ಹೊಸ ಸೊಸೆ ಗಂಡನ ಮನೆಯ ಹೊಸ್ತಿಲಿಗೆ ಬಂದಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ: "ಹೆಸರು ಹೇಳು, ಆಮ್ಯಾಲೆ ಒಳಗ ಬಾ!"

ಓಣಿ ಮಂದಿಯೆಲ್ಲ ಕಿವಿ ನಿಮಿರಿಸಿ ನಿಂತಿರುತ್ತಾರೆ, ಯಾರದೋ ಮೊಬೈಲಿನಲ್ಲಿ ವಿಡಿಯೊ ನಡೆದಿರುತ್ತದೆ. ನಿನ್ನೆಯವರೆಗೆ ಬಾಯಿಪಾಠವಾಗಿದ್ದ ಒಡಪು ಆಗಲೇ ಮರೆತುಹೋಗುತ್ತದೆ. ಬಾಯಿ ಒಣಗಿ ಕೈ ತಣ್ಣಗಾಗುತ್ತದೆ. ನಮ್ಮ ಕಡೆಯ ಹುಡುಗಿಯರಿಗೆ ಇನ್ನೂ ಒಂದು ಭಾರವಿದೆ. ಕನ್ನಡ ಮನೆಯಿಂದ ಮರಾಠಿ ಮನೆಗೆ ಹೋದವಳು ಒಡಪಿನ ಬದಲು ಉಖಾಣೆ ಹೇಳಬೇಕು. ಮರಾಠಿ ಶಾಲೆಯಲ್ಲಿ ಕಲಿತು ವಿಜಯಪುರದ ಕಡೆಗೆ ಸೊಸೆಯಾಗಿ ಹೋದವಳಿಗೆ ಕನ್ನಡದ ಒಡಪು ನಾಲಿಗೆಗೆ ತೊಡಕು. ಮದುಮಗನೂ ಇದರಿಂದ ಪಾರಲ್ಲ. ಹೆಂಡತಿಯ ಹೆಸರು ಹೇಳುವ ಸರದಿ ಅವನಿಗೂ ಬರುತ್ತದೆ. ಕುಬಸ, ತೊಟ್ಟಿಲು, ಮನೆ ಪ್ರವೇಶದಲ್ಲೂ ಇದೇ ಕಥೆ. ಈ ಅಂಜಿಕೆ ಯಾಕೆ ಬರುತ್ತದೆ, ಅದಕ್ಕೆ ಏನು ಮಾಡಬಹುದು ಎಂಬುದನ್ನು ಈ ಬಾರಿ ಬರೆದಿದ್ದೇವೆ.

ಎದೆ ಯಾಕೆ ಬಡಿದುಕೊಳ್ಳುತ್ತದೆ?

ಹಾವು ಕಂಡಾಗ ಮೈ ಹೇಗೆ ಎಚ್ಚರಗೊಳ್ಳುತ್ತದೋ, ನೂರು ಜನರ ಕಣ್ಣು ನಮ್ಮ ಮೇಲೆ ಬಿದ್ದಾಗಲೂ ಹಾಗೆಯೇ ಆಗುತ್ತದೆ. ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರಿ ಎದೆಬಡಿತ ಹೆಚ್ಚುತ್ತದೆ, ಉಸಿರು ಮೇಲುಮೇಲಕ್ಕೆ ಬರುತ್ತದೆ, ಅಂಗೈ ಬೆವರುತ್ತದೆ. ಇದು ರೋಗವೂ ಅಲ್ಲ, ಹೇಡಿತನವೂ ಅಲ್ಲ. ಕೆಲಸಕ್ಕೆ ಮೈ ಸಜ್ಜಾಗುವ ರೀತಿ ಅಷ್ಟೆ.

ನಮ್ಮ ಕಡೆ ಇದಕ್ಕೆ ಬೇರೆ ಕಾರಣಗಳೂ ಸೇರುತ್ತವೆ. ಮದುವೆಗಳು ಹೆಚ್ಚಾಗಿ ಬೇಸಿಗೆಯಲ್ಲೇ ನಡೆಯುತ್ತವೆ. ಹಿಂದಿನ ರಾತ್ರಿ ನಿದ್ದೆ ಇರುವುದಿಲ್ಲ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರುವುದಿಲ್ಲ. ಮೇಲೆ ದಪ್ಪ ಸೀರೆ, ಬಾಸಿಂಗ, ಡಿಜೆ ಸದ್ದು. ನೀರು ಕಡಿಮೆಯಾದರೂ ಎದೆ ಬಡಿದುಕೊಳ್ಳುತ್ತದೆ, ತಲೆ ಸುತ್ತುತ್ತದೆ. ಹುಡುಗಿ ಅಂಜಿದಳು ಎಂದು ನಾವು ತಿಳಿಯುವ ಎಷ್ಟೋ ಸಲ ಅದು ಬರೀ ಹಸಿವು, ನೀರಡಿಕೆ. ಮದುಮಕ್ಕಳ ಪಕ್ಕ ನಿಲ್ಲುವ ವೈನಿಯೋ ತಂಗಿಯೋ ನೀರಿನ ಬಾಟಲಿ, ಒಂದು ಬಾಳೆಹಣ್ಣು ಇಟ್ಟುಕೊಂಡರೆ ಅರ್ಧ ಅಂಜಿಕೆ ಅಲ್ಲೇ ಇಳಿಯುತ್ತದೆ.

ಒಂದು ತಿಂಗಳು ಮೊದಲು

ಒಡಪು ಆರಿಸುವಾಗ ಉದ್ದನೆಯದರ ಆಸೆ ಬೇಡ. ಎರಡೇ ಸಾಲು ಸಾಕು. ಪ್ರಾಸ ಗಟ್ಟಿಯಾಗಿದ್ದರೆ ಮೊದಲ ಸಾಲು ಎರಡನೆಯದನ್ನು ತಾನೇ ಎಳೆದುಕೊಂಡು ಬರುತ್ತದೆ. ನಿಮ್ಮ ಹೊಲ, ನಿಮ್ಮ ಊರಿನ ಮಾತಿನಿಂದಲೇ ಕಟ್ಟಿಕೊಂಡರೆ ಮರೆಯುವುದು ಕಷ್ಟ. ಜತ್ತ ಭಾಗದ ದಾಳಿಂಬೆ, ದ್ರಾಕ್ಷಿ ತೋಟ ನೆನೆದು ನಾವು ಕಟ್ಟಿದ ಒಂದು ಇಲ್ಲಿದೆ:

ದಾಳಿಂಬಿಗೆ ಹನಿ ನೀರು, ದ್ರಾಕ್ಷಿಗೆ ಹಂದರ,
ಇಂಥವರ ಜೋಡಿ ನನ್ನ ಸಂಸಾರ ಸುಂದರ.

"ಇಂಥವರ" ಎಂಬಲ್ಲಿ ಹೆಸರು ಹಾಕಿಕೊಳ್ಳಿ. ಮನಸ್ಸಿನಲ್ಲಿ ಓದಿಕೊಂಡರೆ ಸಾಲದು, ಬಾಯಿ ಬಿಟ್ಟು ಗಟ್ಟಿಯಾಗಿ ಹೇಳಬೇಕು. ಮೊದಲು ಕನ್ನಡಿ ಮುಂದೆ, ಆಮೇಲೆ ಅವ್ವನ ಮುಂದೆ, ಆಮೇಲೆ ನಗುವ ಗೆಳತಿಯರ ಮುಂದೆ ಹೇಳಿ. ಅಲ್ಲಿ ನಾಲ್ಕು ಸಲ ತಡವರಿಸಿದರೆ ಹಂದರದಲ್ಲಿ ತಡವರಿಸುವುದು ಕಡಿಮೆಯಾಗುತ್ತದೆ. ಎರಡು ಭಾಷೆಯ ಬೀಗತನವಿದ್ದರೆ ಒಂದು ಕನ್ನಡದ್ದು, ಒಂದು ಮರಾಠಿಯದು ಕಲಿತಿಟ್ಟುಕೊಳ್ಳಿ. ಉಚ್ಚಾರ ತಿದ್ದಲು ಆ ಮನೆಯ ನಾದಿನಿಯನ್ನೇ ಫೋನಿನಲ್ಲಿ ಕೇಳಿ. ನಾಳೆ ಬಾಗಿಲು ತಡೆಯುವವಳೇ ಇಂದು ಕಲಿಸಿದವಳಾದರೆ ಅಲ್ಲಿ ಅಂಜುವುದೇನು?

ಆ ದಿನ, ಆ ಗಳಿಗೆ

ಉಸಿರಿನಿಂದ ಶುರು ಮಾಡಿ. ನಾಲ್ಕು ಎಣಿಸುತ್ತ ಮೂಗಿನಿಂದ ಒಳಗೆ, ಆರು ಎಣಿಸುತ್ತ ನಿಧಾನ ಹೊರಗೆ. ಹೀಗೆ ಮಾಡಿದರೆ ನಿಮಿಷಕ್ಕೆ ಸುಮಾರು ಆರು ಉಸಿರು ಆಗುತ್ತದೆ. ಹೊರಗೆ ಬಿಡುವ ಉಸಿರು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ. ತಲೆ ಮೇಲೆ ಸೆರಗು ಹೊತ್ತು ಕುಳಿತಾಗಲೂ ಯಾರಿಗೂ ಗೊತ್ತಾಗದಂತೆ ಇದನ್ನು ಮಾಡಬಹುದು.

"ಅಂಜಬ್ಯಾಡ" ಎಂದು ತನಗೆ ತಾನೇ ಹೇಳಿಕೊಂಡರೆ ಅಂಜಿಕೆ ಹೋಗುವುದಿಲ್ಲ. ಅದರ ಬದಲು "ನನಗ ಹುರುಪು ಬಂದೈತಿ" ಎಂದುಕೊಳ್ಳಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಡು, ಭಾಷಣ, ಗಣಿತ ಪರೀಕ್ಷೆಗಳಿಗೆ ಮುಂಚೆ ಜನರನ್ನು ಹೀಗೆ ತಯಾರು ಮಾಡಲಾಗಿತ್ತು. ತಮಗೆ ಹುರುಪು ಬಂದಿದೆ ಎಂದುಕೊಂಡವರು ಉಳಿದವರಿಗಿಂತ ಚೆನ್ನಾಗಿ ಮಾಡಿದರು. ಅಂಜಿಕೆಗೂ ಹುರುಪಿಗೂ ಎದೆ ಬಡಿಯುವುದು ಒಂದೇ ರೀತಿ. ಹೆಸರು ಬದಲಾಯಿಸಿದರೆ ಮನಸ್ಸಿನ ದಿಕ್ಕೂ ಬದಲಾಗುತ್ತದೆ.

"ಎಲ್ಲರೂ ನನ್ನ ತಪ್ಪನ್ನೇ ನೋಡತಾರ" ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರ ತರುವ ಚಿತ್ರವಿದ್ದ ಟಿ-ಶರ್ಟ್ ತೊಡಿಸಿ ಉಳಿದವರಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ತೊಟ್ಟವರು ಊಹಿಸಿದ್ದರು. ನಿಜವಾಗಿ ಗಮನಿಸಿದ್ದು ಸುಮಾರು ಕಾಲು ಭಾಗ. ಈ ಅಧ್ಯಯನ ಪ್ರಕಟವಾದದ್ದು 2000ದಲ್ಲಿ. ನಮ್ಮ ಹಂದರದಲ್ಲೂ ಅರ್ಧ ಜನರ ಲಕ್ಷ್ಯ ಊಟದ ಪಂಕ್ತಿಯ ಕಡೆಗೇ ಇರುತ್ತದೆ!

ಮರೆತೇ ಹೋಯಿತೆನ್ನಿ. ಒಂದು ಸಲ ನಕ್ಕುಬಿಡಿ. "ವೈನಿ, ಮೊದಲನೇ ಅಕ್ಷರ ಹೇಳರಿ" ಎಂದು ಕೇಳಿ. ಅಷ್ಟರಲ್ಲಿ ಹತ್ತು ಜನ ಹೇಳಿಕೊಡುತ್ತಾರೆ. ಒಡಪು ಹುಟ್ಟಿದ್ದೇ ನಗುವಿಗೆ, ಯಾರನ್ನೂ ಪರೀಕ್ಷೆ ಮಾಡಲಿಕ್ಕಲ್ಲ.

ಯಹೂದಿಗಳ ಮನೆಯ ಪಾಠ

ಬೇರೆ ಸಮಾಜಗಳು ಇದನ್ನು ಹೇಗೆ ನಿಭಾಯಿಸುತ್ತವೆ ಎಂದು ನೋಡಿದಾಗ ಯಹೂದಿಗಳ ಪದ್ಧತಿ ನಮಗೆ ಹಿಡಿಸಿತು. ಅವರಲ್ಲಿ ಹುಡುಗನಿಗೆ 13 ತುಂಬಿದಾಗ ಬಾರ್ ಮಿಟ್ಸ್ವಾ. ತುಂಬಿದ ಸಭೆಯಲ್ಲಿ ತೋರಾ ಗ್ರಂಥವನ್ನು ಹೀಬ್ರೂ ಭಾಷೆಯಲ್ಲಿ ರಾಗವಾಗಿ ಓದಬೇಕು. ಆ ಸುರುಳಿಯ ಬರಹದಲ್ಲಿ ಸ್ವರಚಿಹ್ನೆಗಳೂ ಇಲ್ಲ, ರಾಗದ ಗುರುತುಗಳೂ ಇಲ್ಲ. ಆದ್ದರಿಂದ ತಿಂಗಳುಗಟ್ಟಲೆ ಗುರುಗಳ ಹತ್ತಿರ ಕಲಿಯುತ್ತಾರೆ. ಓದುವಾಗ ತಪ್ಪಿದರೆ ಪಕ್ಕದಲ್ಲಿ ನಿಂತವರು ಅಲ್ಲೇ ತಿದ್ದುತ್ತಾರೆ. ಹುಡುಗನನ್ನು ಒಂಟಿಯಾಗಿ ಬಿಡುವುದಿಲ್ಲ.

ಅವರ ಮದುವೆಯಲ್ಲಿ ಇನ್ನೊಂದು ಒಳ್ಳೆಯ ರೂಢಿಯಿದೆ. ಅನೇಕ ಜೋಡಿಗಳು ಅಂದು ಉಪವಾಸವಿರುತ್ತಾರೆ. ಚಪ್ಪರದ ಕೆಳಗಿನ ವಿಧಿ ಮುಗಿದೊಡನೆ ಇಬ್ಬರನ್ನೇ ಒಂದು ಕೋಣೆಯಲ್ಲಿ ಸ್ವಲ್ಪ ಹೊತ್ತು ಬಿಡುತ್ತಾರೆ. ಇದಕ್ಕೆ ಯಿಹುದ್ ಎನ್ನುತ್ತಾರೆ. ಅಲ್ಲಿ ಕೂತು ಉಪವಾಸ ಬಿಟ್ಟು, ನಾಲ್ಕು ಮಾತಾಡಿ, ಆಮೇಲೆ ಮಂದಿಯ ನಡುವೆ ಬರುತ್ತಾರೆ.

ಇದು ದೂರದ ಮಾತೂ ಅಲ್ಲ. ನಮ್ಮ ಮಹಾರಾಷ್ಟ್ರದ ಕೊಂಕಣದಲ್ಲೇ ಬೆನೆ ಇಸ್ರೇಲ್ ಎಂಬ ಯಹೂದಿ ಸಮಾಜವಿದೆ. ಮನೆಮಾತು ಮರಾಠಿ. ಹಿಂದೆ ಎಣ್ಣೆ ಗಾಣದ ಕಸುಬು, ಶನಿವಾರ ಕೆಲಸಕ್ಕೆ ರಜೆ. ಹಾಗಾಗಿ ಊರವರು ಅವರನ್ನು ಶನಿವಾರ ತೇಲಿ ಎಂದರು. ಮದುವೆಗೆ ಮುಂಚೆ ಅವರಲ್ಲೂ ಮೆಹಂದಿ ಇದೆ. ಶುಭಕಾರ್ಯಗಳಲ್ಲಿ ಸಿಹಿ ಅವಲಕ್ಕಿ, ತೆಂಗಿನಕಾಯಿ, ಹಣ್ಣು ಇಟ್ಟು ಪ್ರವಾದಿ ಎಲಿಯಾನನ್ನು ನೆನೆಯುವ ಮಲೀದಾ ನಡೆಯುತ್ತದೆ. ಎಲ್ಲರೂ ಕೂತು ಹಂಚಿಕೊಂಡು ತಿನ್ನುವಾಗ ಎದೆಯ ಭಾರವೂ ಹಂಚಿಹೋಗುತ್ತದೆ ಎಂಬುದು ಹುಗ್ಗಿ-ಹೋಳಿಗೆಯ ಮನೆಯವರಾದ ನಮಗೆ ಹೇಳಿಕೊಡಬೇಕೆ?

ಅಕ್ಕಿಕಾಳು ಬಿದ್ದ ಮೇಲೆ ಫೋಟೊಕ್ಕೆಂದು ಮೂರು ತಾಸು ನಿಲ್ಲಿಸುವ ಬದಲು, ಮದುಮಕ್ಕಳನ್ನು ಹತ್ತು ನಿಮಿಷ ಕೋಣೆಯಲ್ಲಿ ಕೂರಿಸಿ ಎರಡು ತುತ್ತು ಉಣ್ಣಲು ಬಿಡಿ. ಹಿರಿಯರಲ್ಲಿ ನಾವು ಕೇಳುವುದು ಇಷ್ಟೇ.

ಅಂಜಿಕೆಯೋ, ಒಲ್ಲೆ ಎಂಬ ಮಾತೋ?

ಕೊನೆಯದಾಗಿ ಒಂದು ಮುಖ್ಯ ವಿಷಯ. ಎಲ್ಲ ನಡುಕವೂ ಸಭಾಕಂಪನವಲ್ಲ. ಮಂದಿಯ ಮುಂದೆ ನಿಲ್ಲುವ ಅಂಜಿಕೆ ಕೆಲಸ ಮುಗಿದೊಡನೆ ಹೋಗುತ್ತದೆ. ನಡುನಡುವೆ ನಗುವೂ ಇರುತ್ತದೆ. ಆದರೆ ಹುಡುಗಿ ವಾರಗಟ್ಟಲೆ ಉಣ್ಣದೆ, ಮಲಗದೆ, ಮದುವೆಯ ಮಾತೆತ್ತಿದರೆ ಮೌನವಾಗುತ್ತಿದ್ದರೆ, ಒಬ್ಬಳೇ ಅಳುತ್ತಿದ್ದರೆ, ಅವಳಿಗೆ ಉಸಿರಾಟ ಕಲಿಸುವುದು ಮದ್ದಲ್ಲ. ಸೋದರತ್ತೆಯೋ ಅಕ್ಕನೋ ಪಕ್ಕಕ್ಕೆ ಕರೆದು, "ನಿನಗ ಈ ಮದುವಿ ಮನಸ್ಸಿಗೆ ಐತೇನು?" ಎಂದು ಕೇಳಬೇಕು, ಉತ್ತರ ಬರುವವರೆಗೆ ಕಾಯಬೇಕು. ಹುಡುಗನಿಗೂ ಇದೇ ಮಾತು. ಮುಂಗಡ ಕೊಟ್ಟಾಗಿದೆ, ಪತ್ರಿಕೆ ಹಂಚಿಯಾಗಿದೆ ಎಂಬ ಕಾರಣಕ್ಕೆ ಒಲ್ಲೆ ಎಂಬ ಮಾತನ್ನು ಅಂಜಿಕೆಯೆಂದು ತಳ್ಳಿಹಾಕಬಾರದು.

ಕಾನೂನಿನ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ತುಂಬಿರಲೇಬೇಕು. ಗಡಿಯ ಆಚೆ-ಈಚೆ ಎರಡೂ ಕಡೆ ಅದೇ ಕಾನೂನು. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181. ಮನಸ್ಸಿನ ತಳಮಳಕ್ಕೆ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಇದೆ, ಸಂಖ್ಯೆ 14416. ಹಗಲು-ರಾತ್ರಿ ಉಚಿತ. ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು.

ಮುಂದಿನ ಬಾರಿ ನಾವು ಸೇರುವಾಗ ನಿಮ್ಮ ಮನೆಯ ಅಜ್ಜಿ, ಅವ್ವ ಹೇಳುತ್ತಿದ್ದ ಒಂದು ಒಡಪನ್ನು ಬರೆದು ತನ್ನಿ. ಮದುವೆ ಗೊತ್ತಾದ ಮಕ್ಕಳನ್ನೂ ಕರೆತನ್ನಿ. ಅವರು ಮೊದಲ ಸಲ ತಡವರಿಸುವುದು ನಮ್ಮೆಲ್ಲರ ಮುಂದೆಯೇ ಆಗಿಹೋಗಲಿ. ಆಮೇಲೆ ಹೊಸ್ತಿಲ ಮುಂದೆ ನಿಂತಾಗ ಅಷ್ಟು ಅಂಜಿಕೆ ಇರುವುದಿಲ್ಲ.